ಹತ್ತಿದವರಿಗೆ ಚಿಕಿತ್ಸೆಯಿಲ್ಲ, ಹತ್ತಲಾರದವರಿಗೆ ದಾರಿಯಿಲ್ಲ

ಮಾನ್ಯ ವೈದ್ಯಕೀಯ ಅಧೀಕ್ಷಕರೇ,

ಎರಡನೇ ಮಹಡಿಯ ವಿಷಯವಾಗಿ ನೆಲಮಹಡಿಯಿಂದ ಬರೆಯುತ್ತಿದ್ದೇನೆ. ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಮತ್ತೆ ನಡೆಯಲು ಕಲಿಸುವ ಫಿಸಿಯೋಥೆರಪಿ ವಿಭಾಗವನ್ನು ತಾವು ಎರಡನೇ ಮಹಡಿಗೆ ಸಾಗಿಸಿದ್ದೀರಿ. ಲಿಫ್ಟು ಕೆಟ್ಟಿದೆ. ಅಷ್ಟಕ್ಕೇ ನಿಲ್ಲಿಸದೆ, "ದಟ್ಟಣೆಯ ಕಾರಣ ಇನ್ನು ಮುಂದೆ ಮೆಟ್ಟಿಲು ಹತ್ತಲಾಗದ ರೋಗಿಗಳಿಗೆ ಮಾತ್ರ ತರಬೇತಿ ನೀಡಲಾಗುವುದು" ಎಂಬ ಸುತ್ತೋಲೆಗೆ ಸಹಿ ಹಾಕಿ, ಅದನ್ನು ಅದೇ ಎರಡನೇ ಮಹಡಿಯ ಬಾಗಿಲಿಗೆ ಅಂಟಿಸಿದ್ದೀರಿ. ಅದನ್ನು ಓದಬಲ್ಲವರಿಗೆ ತರಬೇತಿ ಇಲ್ಲ. ತರಬೇತಿ ಬೇಕಾದವರಿಗೆ ಅದನ್ನು ಓದುವ ಯೋಗವಿಲ್ಲ.

ಇದು ದಡ್ಡತನವೆಂದು ಮೊದಮೊದಲು ನಾನೂ ನಂಬಿದ್ದೆ. ಆಮೇಲೆ ಅನುಮಾನ ಹತ್ತಿತು. ದಡ್ಡತನವೆಂದರೆ ಅದರಲ್ಲಿ ಒಂದೆರಡು ತೂತು ಇದ್ದೇ ಇರುತ್ತವೆ. ಯಾರಾದರೂ ಒಬ್ಬ ರೋಗಿ ಕಣ್ತಪ್ಪಿನಿಂದಲಾದರೂ ನುಸುಳಿ ಗುಣವಾಗಿಬಿಡುತ್ತಾನೆ. ತಮ್ಮ ಏರ್ಪಾಡಿನಲ್ಲಿ ಅಂಥ ಒಂದು ತೂತೂ ಇಲ್ಲ. ಇಷ್ಟು ಅಚ್ಚುಕಟ್ಟಾದದ್ದು ತಾನಾಗಿ ಆಗುವುದೇ? ಇದರ ಹಿಂದೆ ಯಾರೋ ಕೂತು, ಬಹುಶಃ ಎರಡು ಲೋಟ ಕಾಫಿ ಕುಡಿದು, ಯೋಚನೆ ಮಾಡಿದ್ದಾರೆ ಎಂಬುದು ನನ್ನ ವಿನಮ್ರ ಸಂದೇಹ.

ಸಂದೇಹಕ್ಕೆ ಆಧಾರ ಕೊಡದೆ ಮಾತಾಡುವವನಲ್ಲ ನಾನು. ಮೊದಲನೆಯದು ಲಿಫ್ಟಿನ ಮುಂದಿರುವ ಫಲಕ. "ತಾತ್ಕಾಲಿಕವಾಗಿ ಸ್ಥಗಿತ" ಎಂದು ಅದರಲ್ಲಿದೆ. ತಾತ್ಕಾಲಿಕ ಸಂಗತಿಗಳನ್ನು ಜನ ಕಾಗದದ ಮೇಲೆ ಬರೆದು ಅಂಟಿಸುತ್ತಾರೆ, ಗಾಳಿಗೆ ಅದರ ಒಂದು ಮೂಲೆ ಏಳುತ್ತದೆ, ಯಾರೋ ಅದರ ಮೇಲೆ ಪೆನ್ನಿನಲ್ಲಿ ಮೀಸೆ ಬರೆಯುತ್ತಾರೆ. ತಮ್ಮ ಫಲಕ ಹಿತ್ತಾಳೆಯದು. ಅಕ್ಷರಗಳನ್ನು ಕೊರೆಸಿ, ಕಪ್ಪು ಬಣ್ಣ ತುಂಬಿಸಿ, ನಾಲ್ಕೂ ಮೂಲೆಗೆ ಸ್ಕ್ರೂ ಹಾಕಿಸಿದ್ದೀರಿ. ಹೊರಗೆ ತೂಗುಹಾಕಿರುವ ವೈದ್ಯರ ಹೆಸರಿನ ಹಲಗೆಗಳೂ ಅಷ್ಟು ಭದ್ರವಾಗಿಲ್ಲ. ಲಿಫ್ಟು ರಿಪೇರಿ ಆಗುತ್ತದೆಂಬ ಭಯ ತಮಗೆ ಕಿಂಚಿತ್ತಾದರೂ ಇದ್ದಿದ್ದರೆ ಹಿತ್ತಾಳೆಗೆ ಹೋಗುತ್ತಿದ್ದಿರೇ?

ಇನ್ನು ನೆಲಮಹಡಿಯಲ್ಲಿ ಮೊದಲು ಫಿಸಿಯೋಥೆರಪಿ ಇದ್ದ ಕೋಣೆ. ಅದೀಗ ಸಭಾ ಕೊಠಡಿ. ಕಿಟಕಿಯ ಪರದೆ ಎಡಗಡೆ ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ಒಳಗಿನದು ನನಗೆ ಚೆನ್ನಾಗಿ ಗೊತ್ತು: ಮೊಟ್ಟೆಯಾಕಾರದ ದೊಡ್ಡ ಮೇಜು, ಮುಚ್ಚಳ ತೆಗೆಯದ ನೀರಿನ ಬಾಟಲಿಗಳು, ಸುತ್ತಲೂ ಕಾಲಿಗೆ ಚಕ್ರವಿರುವ ಮೆತ್ತನೆಯ ಕುರ್ಚಿಗಳು. ಗಟ್ಟಿಮುಟ್ಟಾದ ಕಾಲುಳ್ಳವರಿಗೆ ಆಸ್ಪತ್ರೆಯವರು ಚಕ್ರ ಒದಗಿಸಿದ್ದಾರೆ. ಹೊರಗೆ ಕಾರಿಡಾರಿನ ಗೋಡೆಗೆ ಒರಗಿ, ವಾಕರ್ ಹಿಡಿದು ನಿಂತವರು ಅವನ್ನು ಕಿಟಕಿಯಿಂದ ನೋಡಬಹುದು. ನೋಡುವುದಕ್ಕೆ ಯಾವ ನಿರ್ಬಂಧವೂ ಇಲ್ಲ.

ಈಚೆಗೆ ಯಾರೋ ಕಿಡಿಗೇಡಿ ಆ ಕೊಠಡಿಯ ಬಾಗಿಲಿಗೆ "ಫಿಸಿಯೋಥೆರಪಿ ವಿಭಾಗ ಮತ್ತೆ ಇಲ್ಲಿಗೇ ಬಂದಿದೆ" ಎಂಬ ಚೀಟಿ ಅಂಟಿಸಿದ್ದು ತಮ್ಮ ಗಮನಕ್ಕೆ ಬಂದಿರಬೇಕು. ಆ ಕಿಡಿಗೇಡಿ ಯಾರೆಂಬುದು ನನಗೆ ಚೆನ್ನಾಗಿ ತಿಳಿದಿದೆ, ಆದರೆ ಅದು ಇಲ್ಲಿ ಅಪ್ರಸ್ತುತ. ಪ್ರಸ್ತುತವಾದದ್ದು, ಕಾವಲುಗಾರ ತಿಂಡಿ ತಿಂದು ಬರುವಷ್ಟರಲ್ಲಿ ಕೊಠಡಿ ತುಂಬಿಹೋಗಿತ್ತು ಎಂಬುದು. ಊರುಗೋಲು, ವಾಕರ್, ಒಬ್ಬರನ್ನೊಬ್ಬರು ಹಿಡಿದುಕೊಂಡ ಗಂಡ ಹೆಂಡತಿ. "ನಿಮಗೆ ಯಾರ್ರೀ ಹೇಳಿದ್ದು ಇಲ್ಲಿಗೆ ಬನ್ನಿ ಅಂತ?" ಎಂದು ಕಾವಲುಗಾರ ಗದರಿದರೆ, ಹಿರಿಯರೊಬ್ಬರು ಬಹಳ ಸಾವಧಾನವಾಗಿ, "ಬಾಗಿಲಲ್ಲಿ ಬರ್ದಿದ್ದಾರಲ್ಲಪ್ಪ, ಬಾಗಿಲು ಸುಳ್ಳು ಹೇಳುತ್ತಾ?" ಎಂದರು. ತಮ್ಮ ವಾರ್ಷಿಕ ವರದಿಯ ಪ್ರಕಾರ ಈ ತರಬೇತಿಗೆ ಬೇಡಿಕೆಯೇ ಕುಸಿದಿದೆ. ಬೇಡಿಕೆ ಕುಸಿದಿಲ್ಲ ಸ್ವಾಮಿ, ಮೆಟ್ಟಿಲಿನ ಬುಡದಲ್ಲಿ ಕೂತಿದೆ.

ಈಗ ನಮ್ಮತ್ತೆಯ ವಿಷಯಕ್ಕೆ ಬರುತ್ತೇನೆ. ಅಪ್ಪನ ಅಕ್ಕ, ನಮ್ಮ ಮನೆಯಲ್ಲೇ ಇರುವುದು. ಕೆಲಸ ಬಸ್ಸಿನಲ್ಲಿ ಕಂಡಕ್ಟರು. ನನಗೆ ಬುದ್ಧಿ ತಿಳಿದಾಗಿನಿಂದ ಒಂದೇ ಡ್ರೈವರಿನ ಜೊತೆ ಒಂದೇ ದಾರಿಯ ಬಸ್ಸು. ತಾವು ಬಸ್ಸು ಹತ್ತುವವರಲ್ಲವೆಂದು ಊಹಿಸಿ ಒಂದು ಸೂಕ್ಷ್ಮ ತಿಳಿಸುತ್ತೇನೆ: ಕಂಡಕ್ಟರಿಗೆ ಎರಡು ಕೈಯೂ ಬಿಡುವಿರುವುದಿಲ್ಲ, ಒಂದರಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ. ಹಾಗಾದರೆ ಓಡುವ ಬಸ್ಸಿನಲ್ಲಿ ಅವರು ಏನನ್ನು ಹಿಡಿದು ನಿಲ್ಲುತ್ತಾರೆ? ಏನನ್ನೂ ಇಲ್ಲ. ಸೀಟಿನ ಅಂಚಿಗೆ ಸೊಂಟ ಒತ್ತಿ ನಿಲ್ಲುತ್ತಾರೆ. ಅತ್ತೆಯ ಬಲಗಡೆಯ ಸೊಂಟವೇ ಅವರ ಮೂರನೇ ಕೈ. ಅದು ಸವೆದು ಹೋಯಿತು. ತಮ್ಮ ಶಸ್ತ್ರಚಿಕಿತ್ಸಕರು ಅದನ್ನು ತೆಗೆದು ಹೊಸದನ್ನು ಕೂರಿಸಿದರು, ಬಹಳ ಚೆನ್ನಾಗಿಯೇ ಕೂರಿಸಿದರು. ಅವರ ಮೇಲೆ ನನಗೆ ಯಾವ ಅನುಮಾನವೂ ಇಲ್ಲ. ವಾರ್ಡಿನಲ್ಲಿ ಎಬ್ಬಿಸಿ ನಿಲ್ಲಿಸಿ, ವಾಕರ್ ಹಿಡಿಸಿ, ಕಾಲ ಮೇಲೆ ಕಾಲು ಹಾಕಬೇಡಿ, ತಗ್ಗಿನ ಕುರ್ಚಿಯಲ್ಲಿ ಕೂರಬೇಡಿ, ಮಲಗುವಾಗ ಕಾಲುಗಳ ನಡುವೆ ದಿಂಬಿಟ್ಟುಕೊಳ್ಳಿ ಎಂದೆಲ್ಲ ಹೇಳಿ, "ಮುಂದಿನದೆಲ್ಲ ಫಿಸಿಯೋದಲ್ಲಿ" ಎಂದು ಮನೆಗೆ ಕಳಿಸಿದರು.

ಮುಂದಿನದೆಲ್ಲ ಎರಡನೇ ಮಹಡಿಯಲ್ಲಿತ್ತು.

ಮನೆಗೆ ಬಂದ ಅತ್ತೆ ವಾಕರ್ ಬಿಟ್ಟು ಕೋಲಿಗೆ ಬಂದರು, ಕೋಲು ಬಿಟ್ಟು ಗೋಡೆಗೆ ಬಂದರು. ಆದರೆ ಅಭ್ಯಾಸ ಎಲ್ಲಿ ಹೋಗುತ್ತದೆ? ಅಡುಗೆಮನೆಯ ಕಟ್ಟೆ ಸಿಕ್ಕರೆ ಕಟ್ಟೆಗೆ, ಮಂಚದ ಅಂಚು ಸಿಕ್ಕರೆ ಮಂಚಕ್ಕೆ, ಹೊಸ ಸೊಂಟವನ್ನು ಒತ್ತಿ ನಿಂತುಬಿಡುವುದು. ನಡೆದರೆ ಮೈ ಒಂದು ಕಡೆಗೆ ವಾಲುತ್ತದೆ, ಸರಕು ಹೆಚ್ಚಾದ ಗಾಡಿಯ ಹಾಗೆ. ಅಮ್ಮ ಎಷ್ಟೋ ಸಲ ಹೇಳಿದರು, "ಅಕ್ಕ, ವಾಲ್ತಾ ಇದೀರಿ ನೋಡಿ." ಅತ್ತೆಯ ಉತ್ತರ ಒಂದೇ: "ರಸ್ತೆ ಹಾಗಿದೆ." ಹಾಲ್‌ನಲ್ಲಿ ಯಾವ ರಸ್ತೆ ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಬೇರೆ ಕಡೆ ತೋರಿಸಬಹುದಿತ್ತಲ್ಲ ಎಂದು ತಾವು ಕೇಳುತ್ತೀರಿ ಎಂಬ ಅನುಮಾನವೂ ನನಗಿದೆ. ತೋರಿಸಬಹುದು. ಆದರೆ ಕೆಲಸಕ್ಕೆ ಹಿಂದಿರುಗಲು ಡಿಪೋದವರು ಒಪ್ಪುವುದು ತಮ್ಮ ಆಸ್ಪತ್ರೆಯ ಮಾತನ್ನು ಮಾತ್ರ. ಆದ್ದರಿಂದ ಒಂದು ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ತಮ್ಮ ಮೆಟ್ಟಿಲಿನ ಬುಡಕ್ಕೆ ಬಂದೆವು. ನಾನು, ಮತ್ತು ಅತ್ತೆಯ ಬಸ್ಸಿನ ಡ್ರೈವರು. ಅವರನ್ನು ನಾವೆಲ್ಲ ಡ್ರೈವರಣ್ಣ ಎನ್ನುತ್ತೇವೆ; ಮಾತು ಕಮ್ಮಿ, ಹಾರನ್ ಕೂಡ ಕಮ್ಮಿ. ಅತ್ತೆ ಮೆಟ್ಟಿಲುಗಳನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿದರು. ಒಂದು ಹತ್ತಿದರು. ಅಲ್ಲೇ ನಿಂತರು. ಹಿಡಿಕಂಬಿಗೆ ಸೊಂಟ ಒತ್ತಿದರು.

"ಇಳೀರಿ ಅಕ್ಕ, ಕುರ್ಚಿ ತರ್ತೀನಿ" ಎಂದರು ಡ್ರೈವರಣ್ಣ.

"ನನ್ನನ್ನ ಏನು ಲಗೇಜ್ ಅಂದ್ಕೊಂಡ್ಯಾ?"

"ಲಗೇಜಿಗೆ ನೀವು ಟಿಕೆಟ್ ಹರೀತೀರಿ. ನಾನು ಹರಿಯಲ್ಲ. ಕೂತ್ಕೊಳಿ."

ಹೊರರೋಗಿ ವಿಭಾಗದ ಎತ್ತರದ ಮರದ ಕುರ್ಚಿಯೊಂದನ್ನು ತಂದು, ಅತ್ತೆಯನ್ನು ಕೂರಿಸಿ, ಮುಂಗಾಲು ಅವರು, ಹಿಂಗಾಲು ನಾನು ಹಿಡಿದು ಎತ್ತಿದೆವು. ಅತ್ತೆ ದಾರಿಯುದ್ದಕ್ಕೂ ಸೂಚನೆ ಕೊಡುತ್ತಿದ್ದರು: "ಮುಂದೆ ಜಾಗ ಇದೆ, ಮುಂದೆ ಹೋಗಿ." ಇಳಿಯುತ್ತಿದ್ದ ದಾದಿಯೊಬ್ಬರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಮೊದಲನೇ ಮಹಡಿಯ ತಿರುವಿನಲ್ಲಿ ಡ್ರೈವರಣ್ಣ ಒಮ್ಮೆ ಕುರ್ಚಿ ಕೆಳಗಿಟ್ಟು ಉಸಿರು ಬಿಟ್ಟರು. "ಏನಯ್ಯ, ಇಲ್ಲಿ ಸ್ಟಾಪ್ ಇಲ್ಲ" ಎಂದರು ಅತ್ತೆ.

ಮೇಲೆ ತಲುಪಿದಾಗ ಬಾಗಿಲ ಬಳಿಯ ಮೇಜಿನವರು ಕಂಪ್ಯೂಟರಿನಿಂದ ತಲೆಯೆತ್ತಿದರು. ಅವರ ಹಿಂದೆ ತೆರೆದ ಬಾಗಿಲಿನಲ್ಲಿ ತಮ್ಮ ವಿಭಾಗ ಇಡೀ ಕಾಣುತ್ತಿತ್ತು. ಸಮಾನಾಂತರ ಕಂಬಿಗಳು, ಹೊಸ ಸೈಕಲ್ಲು, ಮಂಚಗಳು, ಗೋಡೆಯಷ್ಟಗಲ ಕನ್ನಡಿ. ಒಬ್ಬ ರೋಗಿಯೂ ಇರಲಿಲ್ಲ. ಫಿಸಿಯೋ ಮೇಡಂ ಒಬ್ಬರೇ ಕಂಬಿಗಳ ನಡುವೆ ನಿಂತು ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸುತ್ತಿದ್ದರು. ಕಲಿತದ್ದು ಮರೆತುಹೋಗಬಾರದಲ್ಲ.

"ಹೆಸರು?" ಎಂದರು ಮೇಜಿನವರು. ಹೇಳಿದೆವು. ಅವರು ಒಂದು ಗುಂಡಿ ಒತ್ತಿದರು. "ಆಯ್ತು. ಮೆಟ್ಟಿಲು ಹತ್ತಿ ಬಂದಿದ್ದಾರೆ, ಅಂದ್ರೆ ಗುಣ ಆಗಿದೆ. ಹೋಗ್ಬನ್ನಿ."

ನಾನು ಕುರ್ಚಿಯ ಹಿಂಗಾಲು ಇನ್ನೂ ಹಿಡಿದುಕೊಂಡೇ ಹೇಳಿದೆ: "ಸಾರ್, ಇವರು ಹತ್ತಿಲ್ಲ. ನಾವು ಹೊತ್ಕೊಂಡು ಬಂದಿದ್ದು."

"ಅದನ್ನ ಹಾಕೋಕೆ ಇದರಲ್ಲಿ ಜಾಗ ಇಲ್ಲಪ್ಪ. ಬಂದ್ರಾ, ಬರ್ಲಿಲ್ವಾ, ಅಷ್ಟೇ ಇರೋದು. ಬಂದಿದ್ದಾರೆ."

"ಕುರ್ಚಿ ನೋಡಿ ಸಾರ್."

"ಕುರ್ಚಿ ನಮ್ಮದೇ. ವಾಪಸ್ ಇಡಿ."

ಅಷ್ಟರಲ್ಲಿ ಫಿಸಿಯೋ ಮೇಡಂ ಬಾಗಿಲಿಗೆ ಬಂದರು. ಅತ್ತೆ ಕುರ್ಚಿಯಲ್ಲಿ ಕೂತ ರೀತಿ ನೋಡಿಯೇ ಅವರಿಗೆ ಏನೋ ಗೊತ್ತಾಗಿರಬೇಕು. "ಒಂದ್ನಿಮಿಷ ನಿಲ್ಲಿಸಿ ನೋಡ್ತೀನಿ" ಎಂದರು.

"ನೋಡಿದ್ರೆ ಸೇರಿಸ್ಕೋಬೇಕಾಗುತ್ತೆ ಮೇಡಂ" ಎಂದರು ಮೇಜಿನವರು, "ಗುಣ ಆದವರನ್ನ ಸೇರಿಸ್ಕೊಂಡ್ರೆ ಮೇಲಿಂದ ಕೇಳ್ತಾರೆ."

"ಹಾಗಾದ್ರೆ ಕೆಳಗೆ ಹೋಗಿ ನೋಡ್ಲಾ?"

"ವಿಭಾಗ ಬಿಟ್ಟು ಇಳಿಯೋ ಹಾಗಿಲ್ಲ ಅಂತ ಆರ್ಡರ್ ಇದೆಯಲ್ಲ ಮೇಡಂ."

ಮೇಲಿಂದ ಕೇಳುವವರು ತಾವು. ಇಳಿಯಬಾರದೆಂದವರೂ ತಾವು. ಆ ಮೇಡಂ ಮುಖ ನೋಡಿದ್ದರೆ ತಮಗೂ ಒಂದು ಕ್ಷಣ ಏನಾದರೂ ಅನ್ನಿಸುತ್ತಿತ್ತೋ ಏನೋ, ನನಗೆ ಖಾತ್ರಿಯಿಲ್ಲ. ಅವರು ಬಗ್ಗಿ ಅತ್ತೆಗೆ ಇಷ್ಟೇ ಹೇಳಿದರು: "ಅಮ್ಮ, ಯಾವುದಕ್ಕೂ ಆನಿಸಿ ನಿಲ್ಲಬೇಡಿ. ಪಕ್ಕದ ಸ್ನಾಯು ಸೋತಿದೆ ಅನ್ಸುತ್ತೆ. ಅದನ್ನ ಗಟ್ಟಿ ಮಾಡದೆ ಅಲ್ಲಾಡೋ ಕಡೆ ನಿಲ್ಲಬೇಡಿ. ಬಿದ್ರೆ ಕೀಲು ಜಾರುತ್ತೆ, ಮತ್ತೆ ಆಪರೇಷನ್ನು."

ಅಲ್ಲಾಡೋ ಕಡೆ ನಿಲ್ಲಬೇಡಿ ಎಂದು ಬಸ್ ಕಂಡಕ್ಟರಿಗೆ ಹೇಳಿದರು.

ನನಗೆ ಆಶ್ಚರ್ಯವಾದದ್ದು ಅತ್ತೆ ಒಂದು ಮಾತೂ ಆಡದೆ ಇದ್ದದ್ದು. ಒಂದು ರೂಪಾಯಿ ಚಿಲ್ಲರೆಗೆ ಇಡೀ ಬಸ್ಸು ನಿಲ್ಲಿಸುವವರು, ಮೇಜಿನವರ ಮುಂದೆ ತುಟಿಪಿಟಕ್ಕೆನ್ನಲಿಲ್ಲ. ಇಳಿಯುವಾಗ, ಅಂದರೆ ಇಳಿಸುವಾಗ, ಕಾರಣ ಗೊತ್ತಾಯಿತು. ಅವರಿಗೆ ಸಂತೋಷವಾಗಿತ್ತು. "ನೋಡಿದ್ಯೇನೋ ಕೋತಿ, ಗುಣ ಆಗಿದೆ ಅಂದ್ರು."

ತಾವು ಒತ್ತಿಸುವ ಆ ಗುಂಡಿಯ ಇನ್ನೊಂದು ತುದಿ ಡಿಪೋದಲ್ಲಿದೆ. ಮರುದಿನವೇ ಅಲ್ಲಿಂದ ಫೋನು: ಮುಂದಿನ ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಗುಣವಾದವರು ಬಾರದಿದ್ದರೆ ಅದು ಗೈರುಹಾಜರಿ. ಆಗುವುದಿಲ್ಲ ಎಂದರೆ ಮರೆತುಹೋದ ಸಾಮಾನುಗಳ ಕೌಂಟರಿಗೆ ಹಾಕುತ್ತಾರೆ, ನಿವೃತ್ತಿಯವರೆಗೆ. ಆ ಕೌಂಟರನ್ನು ನಾನು ನೋಡಿದ್ದೇನೆ; ಕಿಟಕಿಯಿಲ್ಲದ ಕೋಣೆ, ತುಂಬ ಕೊಡೆಗಳು. ಅತ್ತೆಗೆ ಅದರ ಹೆಸರೆತ್ತಿದರೆ ಸಾಕು. "ಜನ ಬಿಟ್ಟುಹೋಗಿರೋ ಕೊಡೆಗಳ ಮಧ್ಯ ನಾನೂ ಒಂದು ಕೊಡೆ ಆಗಿ ಕೂತ್ಕೊಳ್ಲಾ?" ಎಂದು ಕೇಳಿ, ಸಮವಸ್ತ್ರ ತೆಗೆದು ಇಸ್ತ್ರಿ ಮಾಡತೊಡಗಿದರು. ಇಸ್ತ್ರಿ ಮೇಜಿಗೆ ಸೊಂಟ ಒತ್ತಿಕೊಂಡೇ.

ನಾನು ಅಪ್ಪನಿಗೆ ಹೇಳಿದೆ, ಅಲ್ಲಿ ಯಾರೂ ಪರೀಕ್ಷೆಯನ್ನೇ ಮಾಡಿಲ್ಲ, ಗುಂಡಿ ಒತ್ತಿದರು ಅಷ್ಟೇ ಎಂದು. ಅಪ್ಪ ಪೇಪರಿನಿಂದ ಕಣ್ಣು ತೆಗೆಯದೆ, "ನೀನು ಹೇಳ್ತಿದೀಯ ಅಂದ್ಮೇಲೆ ಅದು ಹಾಗಿರಲ್ಲ" ಎಂದರು. ನನ್ನ ಖ್ಯಾತಿ ಮನೆಯಲ್ಲಿ ಅಂಥದ್ದು. ಇಡೀ ಊರಿನಲ್ಲಿ ತಮ್ಮ ಏರ್ಪಾಡನ್ನು ಕಂಡುಹಿಡಿದವನು ಒಬ್ಬನೇ, ಅವನ ಮಾತನ್ನು ಮಾತ್ರ ಯಾರೂ ನಂಬುವುದಿಲ್ಲ. ಇದನ್ನೂ ತಾವೇ ಏರ್ಪಾಡು ಮಾಡಿದ್ದೀರಾ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ನಂಬಿಸಿದವರು ಕೊನೆಗೆ ಡ್ರೈವರಣ್ಣ. ಮೊನ್ನೆ ಸಂಜೆ ಮನೆಗೆ ಬಂದವರು, "ಅಕ್ಕ, ಒಂದ್ಸಲ ನೋಡೇಬಿಡೋಣ" ಎಂದರು. ಹಾಲ್‌ನಲ್ಲಿ ಊಟದ ಕುರ್ಚಿಗಳನ್ನು ಎರಡು ಸಾಲು ಜೋಡಿಸಿದೆವು. ಕುರ್ಚಿ ಜಾರದಿರಲೆಂದು ಅಪ್ಪ, ಅಮ್ಮ ಪ್ರಯಾಣಿಕರಾಗಿ ಕೂತರು. ಅತ್ತೆ ಚೀಲ ತೋಳಿಗೆ ಹಾಕಿ, ಎರಡೂ ಕೈಯಲ್ಲಿ ಹಳೇ ಟಿಕೆಟ್ಟು ಹಿಡಿದು ನಡುವೆ ನಿಂತರು. ಡ್ರೈವರಣ್ಣ ಮುಂದೆ ಸ್ಟೂಲಿನ ಮೇಲೆ. ನಾನು ಅತ್ತೆಯ ಹಿಂದೆ, ಚೀಲದ ಪಟ್ಟಿ ಹಿಡಿದು. ಡ್ರೈವರಣ್ಣ ಬ್ರೇಕ್ ಎಂದಾಗ ಮೆಲ್ಲಗೆ ಎಳೆಯುವುದು ನನ್ನ ಕೆಲಸ.

"ಜೋರಾಗಿ ಎಳೆದ್ಯೋ, ಕೈ ಮುರೀತೀನಿ" ಎಂದರು ಅಮ್ಮ.

"ನೀನು ಟಿಕೆಟ್ ತಗೋ ಮೊದಲು" ಎಂದರು ಅತ್ತೆ. "ಎಲ್ಲಿಗೆ?"

"ಅಡುಗೆಮನೆಗೆ."

"ಆ ಕಡೆ ಬಸ್ ಹೋಗಲ್ಲ. ಇಳಿ."

ಅಪ್ಪ ಕೂಡ ನಕ್ಕರು. ಡ್ರೈವರಣ್ಣ ನಗಲಿಲ್ಲ. ಮುಂದೆ ನೋಡುತ್ತಲೇ, ಬಹಳ ಸಾಧಾರಣ ದನಿಯಲ್ಲಿ, "ಬ್ರೇಕ್" ಎಂದರು.

ನಾನು ಎಳೆದೆ ಎನ್ನುವಂತಿಲ್ಲ. ಪಟ್ಟಿ ಬಿಗಿಯಾಯಿತು ಅಷ್ಟೇ. ಅತ್ತೆ ಅಭ್ಯಾಸದಂತೆ ಬಲಗಡೆಯ ಸೊಂಟವನ್ನು ಕುರ್ಚಿಯ ಅಂಚಿಗೆ ಕೊಟ್ಟರು. ಸೊಂಟ ಅವರನ್ನು ಹಿಡಿಯಲಿಲ್ಲ. ಮೈ ಪೂರ್ತಿ ಅತ್ತ ಕುಸಿದು, ಟಿಕೆಟ್ಟುಗಳೆಲ್ಲ ಹಾರಿ, ಅವರು ಅಮ್ಮನ ಮಡಿಲಿಗೆ ಬಿದ್ದರು. ಅಮ್ಮ ತಬ್ಬಿ ಹಿಡಿದರು. ಅಲ್ಲಿ ಅಮ್ಮನ ಬದಲು ಬಸ್ಸಿನ ಕಬ್ಬಿಣದ ಕಂಬಿಯಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ತಮ್ಮ ಕಲ್ಪನೆಗೇ ಬಿಡುತ್ತೇನೆ. ತಮಗೆ ಕಲ್ಪನಾಶಕ್ತಿ ಧಾರಾಳವಾಗಿದೆ ಎಂಬುದಕ್ಕೆ ವಾರ್ಷಿಕ ವರದಿಯೇ ಸಾಕ್ಷಿ.

ಅತ್ತೆ ಅಮ್ಮನ ಮಡಿಲಿನಿಂದಲೇ, "ಮುಂದೆ ಜಾಗ ಇದೆಯಲ್ಲ, ಯಾಕೆ ಮೈಮೇಲೆ ಬೀಳ್ತೀರಿ ಅಂತ ಬೈಯಲ್ವಾ?" ಎಂದರು. ಅಮ್ಮ ಬೈಯಲಿಲ್ಲ. ಡ್ರೈವರಣ್ಣ ಸ್ಟೂಲಿನಿಂದ ಎದ್ದು ಬಂದು ನೆಲದ ಮೇಲಿನ ಟಿಕೆಟ್ಟು ಆಯತೊಡಗಿದರು. ಆಯುತ್ತಲೇ ಹೇಳಿದರು: "ಇಷ್ಟು ವರ್ಷ ನಿಮ್ಮನ್ನ ಒಂದ್ಸಲಾನೂ ಬೀಳ್ಸಿಲ್ಲ ನಾನು. ಸೋಮವಾರ ಬ್ರೇಕೇ ಹಾಕಲ್ಲ ಅಂತ ಮಾತು ಕೊಡೋಕಾಗಲ್ಲ ಅಕ್ಕ. ರೋಡಿಗೆ ಯಾರ್ಯಾರು ಬರ್ತಾರೋ."

ಅತ್ತೆ ಎದ್ದು, ಕುರ್ಚಿಗೆ ಆನಿಸದೆ ನಿಲ್ಲಲು ನೋಡಿದರು. ಆಗಲಿಲ್ಲ. ಆನಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಅಲ್ಲಿ ಇಲ್ಲಿ ಏನೇನೋ ಬರೆದು ಅಂಟಿಸ್ತೀಯಲ್ಲ, ಒಂದು ಕಾಗದ ಬರಿ" ಎಂದರು. ಆದ್ದರಿಂದ ಬರೆಯುತ್ತಿದ್ದೇನೆ.

ಈ ಪತ್ರಕ್ಕೆ ತಮ್ಮ ಕಚೇರಿಯಿಂದ ಏನು ಉತ್ತರ ಬರುತ್ತದೆಂಬ ಬಗ್ಗೆಯೂ ನನಗೆ ಅನುಮಾನಗಳಿವೆ. "ಪರಿಶೀಲಿಸಲಾಗುವುದು" ಎಂದು ಬರಬಹುದು. ಲಿಫ್ಟಿನ ಟೆಂಡರು ಪ್ರಕ್ರಿಯೆಯಲ್ಲಿದೆ ಎನ್ನಬಹುದು. ಅರ್ಜಿದಾರರು ಖುದ್ದಾಗಿ ಎರಡನೇ ಮಹಡಿಗೆ ಬಂದು ವಿವರಣೆ ನೀಡಬೇಕು ಎಂದೂ ಬರಬಹುದು. ಅದು ಬಂದರೆ ನನಗೆ ಆಶ್ಚರ್ಯವಾಗದು. ಇವು ಯಾವುವೂ ಬೇಡ. ಸಭಾ ಕೊಠಡಿಯನ್ನು ಖಾಲಿ ಮಾಡಿ ವಿಭಾಗವನ್ನು ಕೆಳಗಿಳಿಸಿ ಎಂಬುದು ನ್ಯಾಯವಾದ ಬೇಡಿಕೆ, ಅದನ್ನು ಕಾರಿಡಾರಿನಲ್ಲಿ ನಿಂತವರೆಲ್ಲರ ಪರವಾಗಿ ಇಲ್ಲಿ ದಾಖಲಿಸಿದ್ದೇನೆ. ಅದಕ್ಕೆ ತಮಗೆ ಸಭೆ ಬೇಕಾಗುತ್ತದೆ, ಸಭೆಗೆ ಆ ಕೊಠಡಿಯೇ ಬೇಕಾಗುತ್ತದೆ, ಅರ್ಥವಾಗುತ್ತದೆ. ಅಲ್ಲಿಯವರೆಗೆ ಅತ್ತೆಯ ಸೋಮವಾರ ಕಾಯುವುದಿಲ್ಲ.

ಹಾಗಾಗಿ ಶುಕ್ರವಾರ ಬೆಳಿಗ್ಗೆ ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೆ ನಾವು ಮೆಟ್ಟಿಲಿನ ಬುಡದಲ್ಲಿರುತ್ತೇವೆ. ಈ ಸಲ ಹೊತ್ತುಕೊಂಡು ಹೋಗುವುದಿಲ್ಲ. ಫಿಸಿಯೋ ಮೇಡಂ ಇಳಿದು ಬರಲು ತಾವು ಅನುಮತಿ ಕೊಡಬೇಕು. ಅವರು ಅತ್ತೆಯನ್ನು ಆಪರೇಷನ್ ಆದ ಕಾಲಿನ ಮೇಲೆ, ಯಾವುದಕ್ಕೂ ಆನಿಸದಂತೆ, ಒಂದು ಸಲ ನಿಲ್ಲಿಸಿ ನೋಡಲಿ. ನಿಂತರೆ ಬಸ್ಸು ಹೊರಡಲಿ, ನಾನು ಇಲ್ಲಿ ಬರೆದ ಪ್ರತಿಯೊಂದು ಅನುಮಾನವನ್ನೂ ಬಹಿರಂಗವಾಗಿಯೇ ಹಿಂತೆಗೆದುಕೊಳ್ಳುತ್ತೇನೆ. ನಿಲ್ಲದಿದ್ದರೆ ಆ "ಗುಣ" ಎಂಬುದನ್ನು ಅಳಿಸಿ, ತರಬೇತಿ ಮುಗಿಯುವವರೆಗೆ ರಜೆ ಬೇಕೆಂದು ಡಿಪೋಗೆ ತಾವೇ ತಿಳಿಸಬೇಕು, ಆ ತರಬೇತಿಯನ್ನು ನೆಲದ ಮೇಲೆ ಕೊಡಿಸಬೇಕು.

ಪತ್ರವನ್ನು ಅತ್ತೆಗೆ ಓದಿ ಹೇಳಿದೆ. ಲಗೇಜಿನ ಮಾತು ತೆಗೆಯಲು ಹೇಳಿದರು, ತೆಗೆದಿಲ್ಲ. ನೀವೇ ಡಿಪೋಗೆ ಹೋಗಿ ಇನ್ನೂ ಆಗುತ್ತಿಲ್ಲ ಎಂದು ಹೇಳಬಹುದಲ್ಲ ಎಂದು ಕೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಇದರಲ್ಲಿ ನನ್ನ ಕೈವಾಡವಿಲ್ಲ:

"ನನಗೆ ಆಗಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ ಕಣೋ. ಅವರು ಬಂದು ನೋಡಿ ಹೇಳ್ಲಿ. ಅವರು ಹೇಳಿದ್ರೆ ಕೇಳ್ತೀನಿ."

ಇಂತಿ,
ನಿಜ ಹೇಳುವಾಗಲೂ ಸಾಕ್ಷಿ ಕರೆತರಬೇಕಾಗಿರುವ,
ಕಂಡಕ್ಟರಮ್ಮನ ತಮ್ಮನ ಮಗ